ಬಗ್ಗಡ ನೀರಿಗೆ ಸರ್ ಎಂ.ವಿ. ಕಂಡ ದಾರಿ

ದೇಶನೂರು: ತುಂಗಭದ್ರೆ ಸೀಮೆಯವರಿಗೆ ಹೊಳೆ ನೀರಿನ ಬಣ್ಣ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಕೊಡದ ತಳದಲ್ಲಿ ಮಣ್ಣು ಕೂರುತ್ತೆ. ನೀರುಂಟು, ಕುಡಿಯೋ ಹಾಗಿಲ್ಲ! ಇಂಥದೇ ಪೇಚಿಗೆ ಸಿಕ್ಕಿದ್ದ ದೂರದ ಊರೊಂದನ್ನು ಪಾರು ಮಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯ ಈ ಹುಡುಗ ಎಳೆ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, ಪುಣೆಯಲ್ಲಿ ಇಂಜಿನಿಯರಾಗಿ, 1884ರಲ್ಲಿ ಮುಂಬೈ ಸರ್ಕಾರದ ನೌಕರಿ ಹಿಡಿದ. ಹತ್ತು ವರ್ಷದ ಹೊತ್ತಿಗೆ, ಈಗ ಪಾಕಿಸ್ತಾನದಲ್ಲಿರುವ ಸುಕ್ಕೂರಿಗೆ ಕರೆ ಬಂತು.

ಪಕ್ಕದಲ್ಲೇ ಸಿಂಧೂ ನದಿ. ನೀರೋ, ಬರೀ ಬಗ್ಗಡ. ಸೋಸುವ ತೊಟ್ಟಿ ಕಟ್ಟಿಸಲು ಮುನಿಸಿಪಾಲಿಟಿ ಕೈಯಲ್ಲಿ ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ದಡದ ಹತ್ತಿರ ನದಿಯ ಒಡಲಲ್ಲೇ ಬಾವಿ ತೋಡಿಸಿದರು. ಮರಳೇ ಜರಡಿಯಾಯಿತು. ಬಸಿದು ಬಂದ ತಿಳಿನೀರನ್ನು ಗುಡ್ಡಕ್ಕೆ ಪಂಪ್ ಮಾಡಿ ಊರಿಗೆ ಬಿಟ್ಟರು. 1895ರಲ್ಲಿ ಕೆಲಸ ಮುಗಿಯಿತು.

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ಪ್ರವಾಹ ತಡೆಯಲು ಅವರು ಸೂಚಿಸಿದ ಜಲಾಶಯಗಳೇ ಮುಂದೆ ಆ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. 1912ರಲ್ಲಿ ಮೈಸೂರಿನ ದಿವಾನರಾದರು, 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ದಾಟಿದ ಮೇಲೆ, ತೀರಿಕೊಂಡರು.

ಇಂದು ಮರಳೊಂದೇ ಸಾಲದು, ಕ್ಲೋರಿನ್ನೂ ಬೇಕು. ಆದರೆ ಲೆಕ್ಕ ಅದೇ. ಜನ ಎಷ್ಟು, 30 ವರ್ಷಕ್ಕೆ ಎಷ್ಟಾದಾರು, ದಿನಕ್ಕೆ ಎಷ್ಟು ನೀರು ಸೋಸಬಹುದು? ಇದನ್ನು ಬಿಟ್ಟು ಟ್ಯಾಂಕು, ಪೈಪಿಗೆ ದುಡ್ಡು ಸುರಿದರೆ, ನಲ್ಲಿಯಲ್ಲಿ ಬರೋದು ಹೊಳೆಯ ಕೆಸರೇ.