ಕಲ್ಯಾಣದ ಮನ್ನಣೆ, ಕಾಶ್ಮೀರದ ನೆನಪು: ವಿದ್ಯಾಪತಿ ಬಿಲ್ಹಣನ ಬದುಕು

ಬಸವಕಲ್ಯಾಣ: ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಶಿವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಮೈ ಬಳುಕಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸ್ತುತಿ. ಸುಮಾರು ಒಂಬತ್ತು ಶತಮಾನಗಳಿಂದ ಆ ಕೈ ಕೆಳಗಿಳಿದಿಲ್ಲ. ಕಲ್ಲಿನ ಆ ಬರಹಗಾರ್ತಿಗೆ ದಣಿವಿಲ್ಲ, ತವರಿನ ನೆನಪಿಲ್ಲ, ಯಾರಿಗಾಗಿ ಬರೆಯಬೇಕೆಂಬ ತೊಳಲಾಟವೂ ಇಲ್ಲ. ಅದೇ ಅರಸನ ಕಥೆಯನ್ನು ಹದಿನೆಂಟು ಸರ್ಗಗಳ ಸಂಸ್ಕೃತ ಮಹಾಕಾವ್ಯವಾಗಿ ಬರೆದ ಬಿಲ್ಹಣನಿಗೆ ಅಂಥ ನೆಮ್ಮದಿ ಇರಲಿಲ್ಲ.

ಇಂದಿನ ಬಸವಕಲ್ಯಾಣ ಆಗ ಕಲ್ಯಾಣವೆಂಬ ರಾಜಧಾನಿ. ಅಲ್ಲಿ ಕುಳಿತು ‘ವಿಕ್ರಮಾಂಕದೇವಚರಿತ’ ರಚಿಸಿದ ಬಿಲ್ಹಣನು ಈ ನೆಲದವನಲ್ಲ. ಬರೆಯುವ ಹುಮ್ಮಸ್ಸು ಎಲ್ಲಿಂದ ಹುಟ್ಟುತ್ತದೆ, ಹೊಟ್ಟೆಪಾಡಿನ ಬರಹದೊಳಗೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಇಂದಿನ ಕಥೆಗಾರರನ್ನೂ ಕಾದಂಬರಿಕಾರರನ್ನೂ ಕಾಡುತ್ತದೆ. ಆ ಪ್ರಶ್ನೆಯನ್ನೇ ಹೊತ್ತು ಸಾಗಿದ ಬದುಕು ಬಿಲ್ಹಣನದು.

ಕೇಸರಿಯ ನಾಡಿನಿಂದ

ಬಿಲ್ಹಣನು ಹುಟ್ಟಿದ್ದು ಕಾಶ್ಮೀರದ ಖೋನಮುಖ ಎಂಬ ಗ್ರಾಮದಲ್ಲಿ. ಶ್ರೀನಗರದ ಸಮೀಪದ ಆ ಊರು ಇಂದಿಗೂ ಖೋನ್‌ಮೋಹ್ ಎಂಬ ಹೆಸರಿನಲ್ಲಿ ಉಳಿದಿದೆ. ತಂದೆ ಜ್ಯೇಷ್ಠಕಲಶ ಹೆಸರಾಂತ ವೈಯಾಕರಣ; ಪತಂಜಲಿಯ ಮಹಾಭಾಷ್ಯವನ್ನು ಪಾಠ ಹೇಳುತ್ತಿದ್ದವನು. ತಾಯಿ ನಾಗದೇವಿ. ಅಣ್ಣ ಇಷ್ಟರಾಮ ಮತ್ತು ತಮ್ಮ ಆನಂದ ಇಬ್ಬರೂ ವಿದ್ವಾಂಸರು. ಒಂದು ಕಡೆ ಕೇಸರಿಯ ಹೊಲ, ಇನ್ನೊಂದು ಕಡೆ ದ್ರಾಕ್ಷಿಯ ಬಳ್ಳಿ, ಮನೆಯ ತುಂಬ ಶಾಸ್ತ್ರ. ಆ ನಾಡಿನ ಹೆಂಗಸರ ಬಾಯಲ್ಲೂ ಸಂಸ್ಕೃತ ಮತ್ತು ಪ್ರಾಕೃತಗಳು ಮನೆಮಾತಿನಂತೆ ಹರಿಯುತ್ತಿದ್ದವೆಂದು ಆತನು ಮುಂದೆ ಹೆಮ್ಮೆಯಿಂದ ಬಣ್ಣಿಸಿದ್ದಾನೆ. ಎಲ್ಲರೂ ಬಲ್ಲವರಾಗಿರುವ ಊರಿನಲ್ಲಿ ತಾನೂ ಬಲ್ಲವನೆಂದು ತೋರಿಸಿಕೊಳ್ಳುವುದು ಸುಲಭವಲ್ಲ. ಕಲಶರಾಜನ ಕಾಲದಲ್ಲಿ, ಸುಮಾರು 1065ರ ಆಸುಪಾಸಿನಲ್ಲಿ, ಯುವಕ ಬಿಲ್ಹಣನು ಊರು ಬಿಟ್ಟನು.

ಅರಮನೆಯಿಂದ ಅರಮನೆಗೆ

ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ದಾಟಿ ಆತನು ಡಾಹಲ ದೇಶದ ಕಲಚುರಿ ಅರಸ ಕರ್ಣನ ಆಸ್ಥಾನ ಸೇರಿದನು. ಅಲ್ಲಿ ಗಂಗಾಧರನೆಂಬ ಕವಿಯನ್ನು ಸೋಲಿಸಿದನು. ಕವಿಗಳ ಆಶ್ರಯದಾತನೆಂದು ಖ್ಯಾತನಾದ ಧಾರಾನಗರಿಯ ಭೋಜರಾಜನನ್ನು ಕಾಣಲಾಗಲಿಲ್ಲವೆಂಬ ಕೊರಗು ಮಾತ್ರ ಕೊನೆಯವರೆಗೂ ಉಳಿಯಿತು. ಗುಜರಾತಿನ ಅಣಹಿಲವಾಡದಲ್ಲಿ ಅಲ್ಲಿನ ಅರಸನನ್ನೇ ನಾಯಕನನ್ನಾಗಿಸಿ ‘ಕರ್ಣಸುಂದರೀ’ ಎಂಬ ನಾಟಿಕೆ ಬರೆದನು. ಆದರೂ ಆ ನಾಡು ಆತನ ಮನಸ್ಸಿಗೆ ಹಿಡಿಸಲಿಲ್ಲ. ಅಲ್ಲಿನ ಜನರ ಬಗ್ಗೆ ಕಟುವಾಗಿಯೇ ಬರೆದಿದ್ದಾನೆ. ಸೋಮನಾಥನಿಗೆ ಕೈಮುಗಿದು, ಹಡಗು ಹತ್ತಿ ಗೋಕರ್ಣದ ಕಡೆಗೆ ಬಂದು, ರಾಮೇಶ್ವರದವರೆಗೂ ಹೋಗಿ, ಕೊನೆಗೆ ಆತನು ತಲುಪಿದ್ದು ಕಲ್ಯಾಣವನ್ನು.

ಅಲ್ಲಿ ಅಲೆದಾಟ ನಿಂತಿತು. ವಿಕ್ರಮಾದಿತ್ಯನು ಆತನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟನು. ಮಿತಾಕ್ಷರ ಬರೆದ ವಿಜ್ಞಾನೇಶ್ವರನೂ ಇದೇ ಅರಸನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ವಿದ್ಯೆಗೆ ಬೆಲೆಯಿದ್ದ ನಗರವದು.

ಹೊಗಳಿಕೆಯ ಋಣ

ಆದರೆ ಕವಿಗೆ ಒಪ್ಪಿಸಿದ ವಸ್ತು ಸುಲಭದ್ದಾಗಿರಲಿಲ್ಲ. ವಿಕ್ರಮಾದಿತ್ಯನು 1076ರಲ್ಲಿ ಸಿಂಹಾಸನವೇರಿದ್ದು ಒಡಹುಟ್ಟಿದ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ. ಅನ್ನ ಕೊಟ್ಟ ಅರಸನ ಈ ನಡೆಯನ್ನು ಮಹಾಕಾವ್ಯದ ನಾಯಕನಿಗೆ ಒಪ್ಪುವಂತೆ ಹೇಳಬೇಕಿತ್ತು. ಬಿಲ್ಹಣನು ಕಲ್ಪನೆಯ ಮೊರೆ ಹೊಕ್ಕನು. ತಂದೆ ಯುವರಾಜ ಪಟ್ಟ ಕೊಡಲು ಬಂದರೂ ಅದು ಅಣ್ಣನಿಗೇ ಸಲ್ಲಬೇಕೆಂದು ನಿರಾಕರಿಸುವ ವಿಕ್ರಮನನ್ನು ಚಿತ್ರಿಸಿದನು. ಅಣ್ಣನ ಮೇಲಿನ ಯುದ್ಧಕ್ಕೆ ಶಿವನ ಆಜ್ಞೆಯನ್ನೇ ಕಾರಣವಾಗಿಸಿದನು. ಚಾಲುಕ್ಯ ವಂಶದ ಮೂಲಪುರುಷನು ಬ್ರಹ್ಮನ ಬೊಗಸೆಯ ನೀರಿನಿಂದ ಹುಟ್ಟಿದನೆಂಬ ಕಥೆಯನ್ನೂ ಸವಿಸ್ತಾರವಾಗಿ ಹೇಳಿದನು. ಇತಿಹಾಸಕಾರರು ಈ ಭಾಗಗಳನ್ನು ಇಂದು ಎಚ್ಚರಿಕೆಯಿಂದಲೇ ಓದುತ್ತಾರೆ.

ಹೀಗಿದ್ದೂ ಕಾವ್ಯ ಬರೀ ಭಟ್ಟಂಗಿತನವಾಗಲಿಲ್ಲ. ಜ್ವರಪೀಡಿತನಾದ ಒಂದನೆಯ ಸೋಮೇಶ್ವರನು ಬದುಕುವ ಆಸೆ ತೊರೆದು, 1068ರಲ್ಲಿ ತುಂಗಭದ್ರೆಗೆ ಇಳಿದು, ಶಿವಧ್ಯಾನ ಮಾಡುತ್ತ ಪ್ರಾಣ ಬಿಡುವ ಪ್ರಸಂಗ ನಾಲ್ಕನೆಯ ಸರ್ಗದಲ್ಲಿದೆ. ಚಕ್ರವರ್ತಿಯೊಬ್ಬ ಎಲ್ಲವನ್ನೂ ಬಿಟ್ಟು ಹೊಳೆಯ ನೀರಿನಲ್ಲಿ ನಿಲ್ಲುವ ಆ ಚಿತ್ರದಲ್ಲಿ ಹೊಗಳಿಕೆ ಹಿಂದೆ ಸರಿದು ಮನುಷ್ಯನ ಸಾವು ಮುಂದೆ ಬರುತ್ತದೆ. ಕವಿಯನ್ನು ಕೆರಳಿಸಿದ ಅರಸನಿಗೆ ಕೀರ್ತಿಯಿಲ್ಲ, ರಾಮ ರಾವಣರ ಹೆಸರುಗಳ ಏರಿಳಿತವೂ ವಾಲ್ಮೀಕಿಯ ಕೈಯಲ್ಲಿತ್ತು ಎಂಬ ಎಚ್ಚರಿಕೆಯನ್ನೂ ಮೊದಲ ಸರ್ಗದಲ್ಲಿಯೇ ಇಟ್ಟಿದ್ದಾನೆ. ಆಶ್ರಯದಾತನೆದುರು ಕುಳಿತು ಹೀಗೆ ಬರೆಯಲು ಧೈರ್ಯ ಬೇಕು.

ಹದಿನೆಂಟನೆಯ ಸರ್ಗ

ಹದಿನೇಳು ಸರ್ಗಗಳಲ್ಲಿ ಅರಸನ ಋಣ ತೀರಿಸಿದ ಕವಿ ಕೊನೆಯ ಸರ್ಗವನ್ನು ತನಗಾಗಿ ಉಳಿಸಿಕೊಂಡನು. ಅಲ್ಲಿ ಕಲ್ಯಾಣದ ದಂಡಯಾತ್ರೆಗಳಿಲ್ಲ. ಕಾಶ್ಮೀರದ ರಾಜಧಾನಿ, ಅಲ್ಲಿನ ದೊರೆಗಳು, ಖೋನಮುಖದ ಮನೆ, ತಂದೆತಾಯಿ, ಒಡಹುಟ್ಟಿದವರು, ತಾನು ಅಲೆದ ದಾರಿ ಇವೇ ಅಲ್ಲಿನ ವಸ್ತು. ಕೇಸರಿಗೂ ಕವಿತೆಗೂ ತನ್ನ ನಾಡೇ ತವರು ಎಂಬುದು ಆತನ ನಂಬಿಕೆ. ಆದರೆ ಆ ನಾಡನ್ನು ಬಿಟ್ಟು ಇಷ್ಟು ದೂರ ಬರದಿದ್ದರೆ ಈ ಸರ್ಗ ಹುಟ್ಟುತ್ತಿರಲಿಲ್ಲ. ಆತನ ಲೇಖನಿಯನ್ನು ನಡೆಸಿದ್ದು ಅರಸನ ಹೊನ್ನು ಮಾತ್ರವಲ್ಲ. ಬಿಟ್ಟುಬಂದ ಮನೆ ಮತ್ತು ಅಲ್ಲಿಯವರಿಗೆ ತನ್ನ ಹೆಸರು ತಲುಪಬೇಕೆಂಬ ಹಂಬಲ.

ರಾಜಕುಮಾರಿಯನ್ನು ಪ್ರೀತಿಸಿ ಮರಣದಂಡನೆಗೆ ಗುರಿಯಾಗಿ ‘ಚೌರಪಂಚಾಶಿಕಾ’ ಹಾಡಿ ಪಾರಾದನೆಂಬ ದಂತಕಥೆ ಬಿಲ್ಹಣನ ಹೆಸರಿಗೆ ಅಂಟಿಕೊಂಡಿದೆ. ಆದರೆ ಆತನೇ ಹೇಳಿಕೊಂಡ ಬದುಕಿನಲ್ಲಿ ಅದರ ಸುಳಿವಿಲ್ಲ.

ಹೆಸರು ತವರಿಗೆ ತಲುಪಿತು. ಹನ್ನೆರಡನೆಯ ಶತಮಾನದ ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಈತನನ್ನು ನೆನೆದಿದ್ದಾನೆ. ಕರ್ಣಾಟಕದ ಅರಸ ಪರ್ಮಾಡಿಯಿಂದ ವಿದ್ಯಾಪತಿ ಪದವಿ ಪಡೆದು, ಆನೆಯೇರಿ ಛತ್ರದಡಿ ಸಾಗುತ್ತಿದ್ದ ಕವಿಗೆ, ಕಾಶ್ಮೀರದ ಹರ್ಷರಾಜನು ಕವಿಗಳ ಬಂಧುವೆಂಬ ಸುದ್ದಿ ಕಿವಿಗೆ ಬಿದ್ದಾಗ ಅಷ್ಟೂ ವೈಭವ ವಂಚನೆಯೆನಿಸಿತೆಂದು ಕಲ್ಹಣ ದಾಖಲಿಸಿದ್ದಾನೆ.

ಕಾವ್ಯ ಮಾತ್ರ ಬಹುಕಾಲ ಮರೆಯಾಗಿತ್ತು. 1874ರಲ್ಲಿ ಜರ್ಮನಿಯ ವಿದ್ವಾಂಸ ಜಾರ್ಜ್ ಬ್ಯೂಲರ್ ಅವರಿಗೆ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ತಾಳೆಗರಿ ಪ್ರತಿ ಸಿಕ್ಕಿತು. ಮರುವರ್ಷ ಮುಂಬಯಿಯಲ್ಲಿ ಅಚ್ಚಾಯಿತು. ಬಿಲ್ಹಣನ ಊರು, ಮನೆ, ಅಲೆದಾಟಗಳ ವಿವರ ಇಂದು ಇಷ್ಟು ಸ್ಪಷ್ಟವಾಗಿ ತಿಳಿದಿರುವುದು ಯಾವ ಅರಸನೂ ಬರೆಸದ ಆ ಕೊನೆಯ ಸರ್ಗದಿಂದ.