ಕಾರಾಗೃಹದಲ್ಲಿ ಬೋಯೆಥಿಯಸನು

ಸರ್ವಶಕ್ತನೂ ದಯಾಮಯನೂ ಆದ ಪರಮಾತ್ಮನು ಆಳುವ ಲೋಕದಲ್ಲಿ ಧರ್ಮಿಷ್ಠನು ನರಳುವುದೇಕೆ, ಅಧರ್ಮಿಯು ಮೆರೆಯುವುದೇಕೆ ಎಂಬ ಪ್ರಶ್ನೆಯು ಎಲ್ಲ ಕಾಲದ ಸಜ್ಜನರನ್ನೂ ಕಾಡಿರುವುದು. ನೆಮ್ಮದಿಯಾಗಿ ಕುಳಿತು ಇದನ್ನು ವಿಚಾರಿಸಿದವರು ಅನೇಕರು. ಮರಣದಂಡನೆಯನ್ನು ಎದುರುನೋಡುತ್ತ ಸೆರೆಯಲ್ಲಿ ವಿಚಾರಿಸಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯನು ಇಟಲಿ ದೇಶದ ಬೋಯೆಥಿಯಸನು.

ಇವನು ಕ್ರಿ. ಶ. 480ರ ಸುಮಾರಿಗೆ ರೋಮಿನ ಕುಲೀನ ಮನೆತನವೊಂದರಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವನನ್ನು ಸಿಮ್ಮಾಕಸನೆಂಬ ವಿದ್ವಾಂಸನು ಸಾಕಿ, ಮುಂದೆ ತನ್ನ ಮಗಳನ್ನೇ ಕೊಟ್ಟು ವಿವಾಹಮಾಡಿದನು. ಬೋಯೆಥಿಯಸನು ಗ್ರೀಕ್ ಭಾಷೆಯಲ್ಲಿ ಪಾರಂಗತನಾಗಿ, ಅರಿಸ್ಟಾಟಲನ ತರ್ಕಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ತಂದನು. ಗಣಿತ ಸಂಗೀತಗಳನ್ನು ಕುರಿತೂ ಗ್ರಂಥಗಳನ್ನು ರಚಿಸಿದನು. ಆಗ ಇಟಲಿಯನ್ನು ಆಳುತ್ತಿದ್ದವನು ಗಾಥರ ದೊರೆಯಾದ ಥಿಯೊಡೊರಿಕನು. 510ರಲ್ಲಿ ಬೋಯೆಥಿಯಸನು ಕಾನ್ಸಲ್ ಪದವಿಯನ್ನು ಪಡೆದನು. 522ರಲ್ಲಿ ಅವನ ಇಬ್ಬರು ಪುತ್ರರೂ ಏಕಕಾಲದಲ್ಲಿ ಆ ಪದವಿಗೇರಿದರು. ಅವನೂ ಅರಸನ ಆಸ್ಥಾನದಲ್ಲಿ ಉನ್ನತಾಧಿಕಾರಿಯಾದನು.

ವೈಭವದ ಈ ಶಿಖರದಿಂದಲೇ ಪತನವಾಯಿತು. ಆಲ್ಬಿನಸನೆಂಬ ಸೆನೆಟ್ ಸದಸ್ಯನ ಮೇಲೆ ರಾಜದ್ರೋಹದ ಆರೋಪ ಬಂದಾಗ ಬೋಯೆಥಿಯಸನು ಅವನ ಪರವಾಗಿ ನಿಂತನು. ಆರೋಪವು ಇವನ ಮೇಲೆಯೇ ತಿರುಗಿತು. ಇವನು ಯಾವ ಸಭೆಯ ಮಾನವನ್ನು ಕಾಯಲೆಳಸಿದ್ದನೋ ಆ ಸೆನೆಟ್ ಸಭೆಯೇ ಇವನ ಮಾತನ್ನು ಕೇಳದೆ ಶಿಕ್ಷೆಗೆ ಸಮ್ಮತಿಸಿತು.

ಪಾವಿಯಾ ನಗರದ ಸೆರೆಯಲ್ಲಿ ಅವನು ರಚಿಸಿದುದೇ ತತ್ತ್ವಜ್ಞಾನದ ಸಾಂತ್ವನವೆಂಬ ಗ್ರಂಥ. ಗದ್ಯಪದ್ಯಗಳು ಸರದಿಯಾಗಿ ಬರುವ ಇದರಲ್ಲಿ ಐದು ಭಾಗಗಳಿವೆ. ತತ್ತ್ವವಿದ್ಯೆಯು ಸ್ತ್ರೀರೂಪದಿಂದ ಪ್ರತ್ಯಕ್ಷಳಾಗಿ, ವೈದ್ಯಳು ರೋಗಿಯನ್ನು ಪರೀಕ್ಷಿಸುವಂತೆ ಅವನ ಅಳಲನ್ನು ಮೊದಲು ಪೂರ್ತಿಯಾಗಿ ಕೇಳುವಳು. ಅನಂತರ ಮದ್ದನ್ನು ನೀಡುವಳು. ಅಧಿಕಾರ ಧನ ಕೀರ್ತಿಗಳು ಭಾಗ್ಯಚಕ್ರದೊಡನೆ ತಿರುಗತಕ್ಕವು. ಅವು ಹೋದರೆ ತನ್ನದೇನೂ ಹೋದಂತಲ್ಲ. ಪರಮಾತ್ಮನೇ ಪರಮಮಂಗಳವಾದುದರಿಂದ ಕೇಡಿಗೆ ಸ್ವತಂತ್ರವಾದ ಸತ್ತ್ವವಿಲ್ಲ; ಅದು ಮಂಗಳದ ಅಭಾವವಷ್ಟೆ. ದುಷ್ಟನು ಬಯಸುವುದೂ ಸುಖವನ್ನೇ. ಅದನ್ನು ಪಡೆಯುವ ದಾರಿಯನ್ನು ತಾನೇ ಕೆಡಿಸಿಕೊಳ್ಳುವುದರಿಂದ ಅವನು ನಿಜವಾಗಿ ದುರ್ಬಲನು. ಅನ್ಯಾಯಕ್ಕೆ ಗುರಿಯಾದವನಿಗಿಂತಲೂ ಅನ್ಯಾಯವನ್ನೆಸಗಿದವನೇ ಹೆಚ್ಚು ಶೋಚನೀಯನು. ಪರಮಾತ್ಮನು ಮುಂದಾಗುವುದನ್ನು ಅರಿತಿದ್ದರೂ ಮನುಷ್ಯನ ಸ್ವಾತಂತ್ರ್ಯವು ಅಳಿಯದು. ಕಾಲಾತೀತನಾದ ಅವನಿಗೆ ಎಲ್ಲವೂ ವರ್ತಮಾನವೇ, ನೋಡುವುದು ಮಾಡಿಸುವುದಲ್ಲ.

ಈ ವಿಚಾರವು ಸೆರೆಯ ಬಾಗಿಲನ್ನು ತೆರೆಯಲಿಲ್ಲ. 524ರ ಸುಮಾರಿಗೆ ಬೋಯೆಥಿಯಸನನ್ನು ಕೊಲ್ಲಿಸಲಾಯಿತು. ಸ್ವಲ್ಪ ಕಾಲದಲ್ಲಿಯೇ ಸಿಮ್ಮಾಕಸನಿಗೂ ಅದೇ ಗತಿಯಾಯಿತು. ಕೇಡು ಬರಿಯ ಅಭಾವವೆಂಬ ಮಾತು ಆ ಮನೆಯ ವಿಧವೆಗೂ ಮಕ್ಕಳಿಗೂ ಸುಲಭವಾದ ಸಮಾಧಾನವಾಗಿರಲಾರದು. ಆದರೆ ಗ್ರಂಥದ ಗತಿಯನ್ನು ಗಮನಿಸಬೇಕು. ತನಗಾದ ಅನ್ಯಾಯದ ದೂರಿನಿಂದ ಮೊದಲಾದ ಅದು, ಕೊನೆಯಲ್ಲಿ ಆ ದೂರನ್ನು ಎತ್ತುವುದೇ ಇಲ್ಲ. ದುರ್ಗುಣಗಳನ್ನು ತೊರೆದು ಸದ್ಗುಣಗಳನ್ನು ಆಚರಿಸಬೇಕೆಂಬ ಬೋಧೆಯಲ್ಲಿ ಮುಗಿಯುವುದು. ದ್ವೇಷವು ಕಳಚಿ ಧರ್ಮವು ಉಳಿಯಿತು.

ಬೋಯೆಥಿಯಸನು ಕ್ರೈಸ್ತನಾದರೂ ಇಲ್ಲಿ ಶಾಸ್ತ್ರವಾಕ್ಯಗಳನ್ನು ಮುಂದಿಡದೆ ವಿಚಾರವನ್ನೇ ಆಶ್ರಯಿಸಿದನು. ಆದುದರಿಂದ ಅನ್ಯಮತದವರಿಗೂ ಈ ಗ್ರಂಥವು ಆದರಣೀಯವಾಗಿದೆ. ಇಂಗ್ಲೆಂಡಿನ ಕವಿ ಚಾಸರನೂ, 1593ರಲ್ಲಿ ರಾಣಿ ಎಲಿಜಬೆತ್ತಳೂ ಇದನ್ನು ಅನುವಾದಿಸಿದರು. ಥಿಯೊಡೊರಿಕನು 526ರಲ್ಲಿ ಮಡಿದನು. ಅವನ ರಾಜ್ಯವು ಹೆಚ್ಚು ಕಾಲ ಬಾಳಲಿಲ್ಲ. ಅವನ ಸೆರೆಯಾಳಿನ ಗ್ರಂಥವು ಇಂದಿಗೂ ನೊಂದವರ ಕೈಯಲ್ಲಿದೆ. ಕಷ್ಟವೇಕೆ ಬಂತೆಂಬುದು ತಿಳಿಯದಿದ್ದಾಗಲೂ ಕಷ್ಟದಲ್ಲಿ ಕೆಡದಿರುವುದು ಸಾಧ್ಯವೆಂಬುದೇ ಈ ಮಹನೀಯನ ಚರಿತ್ರೆಯ ಸಾರವು.