ಜ್ಯೋತಿಬಾ ಫುಲೆ: ರಾಷ್ಟ್ರಕ್ಕಿಂತ ಮೊದಲು ನಾಗರಿಕನನ್ನು ಹುಡುಕಿದ ಪುಣೆಯ ಮಹಾತ್ಮ

1847ರಲ್ಲಿ ಪುಣೆಯ 20 ವರ್ಷದ ಯುವಕನೊಬ್ಬನ ಕೈಗೆ ಥಾಮಸ್ ಪೇನ್ ಬರೆದ 'ರೈಟ್ಸ್ ಆಫ್ ಮ್ಯಾನ್' ಪುಸ್ತಕ ಸಿಕ್ಕಿತು. ಫ್ರಾನ್ಸ್ ಕ್ರಾಂತಿಯನ್ನು ಸಮರ್ಥಿಸಿ 1791-92ರಲ್ಲಿ ಪ್ರಕಟವಾದ ಈ ಪುಸ್ತಕಕ್ಕಾಗಿ ಇಂಗ್ಲೆಂಡ್ ಸರ್ಕಾರ ಲೇಖಕನ ಮೇಲೆ ರಾಜದ್ರೋಹದ ಮೊಕದ್ದಮೆಯನ್ನೇ ಹೂಡಿತ್ತು. ಹಕ್ಕುಗಳು ರಾಜ ಕೊಡುವ ದಾನವಲ್ಲ, ಹುಟ್ಟಿನಿಂದಲೇ ಎಲ್ಲರಿಗೂ ಸಮಾನವಾಗಿ ಬರುತ್ತವೆ ಎಂಬುದು ಅದರ ತಿರುಳು. ಅದನ್ನು ಓದಿದ ಯುವಕನೇ ಮುಂದೆ ಮಹಾತ್ಮ ಎಂದು ಹೆಸರಾದ ಜ್ಯೋತಿರಾವ್ ಗೋವಿಂದರಾವ್ ಫುಲೆ.

ಯುರೋಪ್ ಮತ್ತು ಅಮೆರಿಕದ ಕ್ರಾಂತಿಗಳು ಜಗತ್ತಿಗೆ 'ರಾಷ್ಟ್ರ' ಮತ್ತು 'ನಾಗರಿಕ' ಎಂಬ ಎರಡು ಹೊಸ ಕಲ್ಪನೆಗಳನ್ನು ಕೊಟ್ಟವು. ಭಾರತದ ಅನೇಕ ನಾಯಕರು ಅದರಲ್ಲಿ ಮೊದಲನೆಯದನ್ನು ಎತ್ತಿಕೊಂಡರು. ಫುಲೆ ಅವರು ಎರಡನೆಯದರಿಂದ ಶುರು ಮಾಡಿದರು.

ಪೇಶ್ವೆಗಳ ಊರಿನಲ್ಲಿ ಹೂವಾಡಿಗರ ಮಗ

ಫುಲೆ ಹುಟ್ಟಿದ್ದು 1827ರ ಏಪ್ರಿಲ್ 11ರಂದು. ಪುಣೆಯಲ್ಲಿ ಪೇಶ್ವೆಗಳ ಆಡಳಿತ ಕೊನೆಗೊಂಡು ಆಗಿನ್ನೂ 9 ವರ್ಷವಾಗಿತ್ತು. ಮಾಲಿ ಸಮುದಾಯದ ಈ ಕುಟುಂಬ ಪೇಶ್ವೆಗಳಿಗೆ ಹೂವು ಪೂರೈಸುತ್ತಿತ್ತು. ಫುಲೆ ಎಂಬ ಅಡ್ಡಹೆಸರು ಬಂದದ್ದೂ ಹಾಗೆಯೇ. ಆಡಳಿತ ಬ್ರಿಟಿಷರ ಕೈಗೆ ಹೋಗಿದ್ದರೂ ಯಾರು ಓದಬಹುದು, ಯಾರು ಯಾವ ಬಾವಿಯ ನೀರು ಮುಟ್ಟಬಹುದು ಎಂಬ ಕಟ್ಟಳೆಗಳು ಹಾಗೆಯೇ ಇದ್ದವು.

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಜ್ಯೋತಿರಾವ್ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತರು. ಲಹೂಜಿ ಸಾಳ್ವೆ ಅವರ ಗರಡಿಯಲ್ಲಿ ಕುಸ್ತಿ, ಕತ್ತಿವರಸೆಯನ್ನೂ ಕಲಿತರು. ಬ್ರಿಟಿಷರನ್ನು ಓಡಿಸಬೇಕೆಂಬ ಹುಮ್ಮಸ್ಸು ಆ ವಯಸ್ಸಿನಲ್ಲಿ ಅವರಿಗೂ ಇತ್ತು.

1848ರಲ್ಲಿ ಬ್ರಾಹ್ಮಣ ಗೆಳೆಯನೊಬ್ಬನ ಮದುವೆಯ ಮೆರವಣಿಗೆಗೆ ಹೋದಾಗ, ಕೆಳಜಾತಿಯವನೆಂದು ಅಲ್ಲಿದ್ದವರು ಅವರನ್ನು ಅವಮಾನಿಸಿದರು. ಪೇನ್ ಪುಸ್ತಕದಲ್ಲಿ ಓದಿದ್ದ ಸಮಾನತೆಗೂ ತಮ್ಮ ಊರಿನ ಬೀದಿಗೂ ಇರುವ ಅಂತರ ಅವರಿಗೆ ಕಣ್ಣೆದುರೇ ಕಂಡಿತು. ಅದೇ ವರ್ಷ ಪುಣೆಯ ಭಿಡೆವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಪತ್ನಿ ಸಾವಿತ್ರಿಬಾಯಿಗೆ ತಾವೇ ಅಕ್ಷರ ಕಲಿಸಿದ್ದರು. ಈಗ ಅವರೇ ಶಿಕ್ಷಕಿಯಾದರು. ಸಮಾಜದ ಒತ್ತಡಕ್ಕೆ ಮಣಿದ ತಂದೆ 1849ರಲ್ಲಿ ಮಗ-ಸೊಸೆಯನ್ನು ಮನೆಯಿಂದ ಹೊರಹಾಕಿದರು. ಆದರೂ ಶಾಲೆಗಳು ಬೆಳೆದವು. 1852ರಲ್ಲಿ ಸರ್ಕಾರವೇ ಪುಣೆಯ ವಿಶ್ರಾಮಬಾಗ್ ವಾಡಾದಲ್ಲಿ ಫುಲೆ ಅವರನ್ನು ಸನ್ಮಾನಿಸಿತು.

1863ರಲ್ಲಿ ವಿಧವೆಯರು ಗುಟ್ಟಾಗಿ ಹೆರಿಗೆ ಮಾಡಿಸಿಕೊಳ್ಳಲು, ಶಿಶುಹತ್ಯೆ ತಡೆಯಲು ಆಶ್ರಯಧಾಮ ತೆರೆದರು. ಅಲ್ಲಿ ಬ್ರಾಹ್ಮಣ ವಿಧವೆಯೊಬ್ಬರಿಗೆ ಹುಟ್ಟಿದ ಮಗು ಯಶವಂತನನ್ನೇ ದಂಪತಿ ದತ್ತು ಪಡೆದರು. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಮುಕ್ತಗೊಳಿಸಿದರು.

ಅಮೆರಿಕದ ಜನರಿಗೆ ಅರ್ಪಿಸಿದ ಪುಸ್ತಕ

1865ರಲ್ಲಿ, ಅಂತರ್ಯುದ್ಧದ ಕೊನೆಗೆ, ಅಮೆರಿಕ ಗುಲಾಮಗಿರಿಯನ್ನು ರದ್ದು ಮಾಡಿತು. ಅದಾಗಿ 8 ವರ್ಷಕ್ಕೆ, 1873ರಲ್ಲಿ, ಫುಲೆ ಮರಾಠಿಯಲ್ಲಿ 'ಗುಲಾಮಗಿರಿ' ಪುಸ್ತಕ ಪ್ರಕಟಿಸಿದರು. ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿ, ಶೂದ್ರ ಬಂಧುಗಳ ಬಿಡುಗಡೆಗೆ ತಮ್ಮ ದೇಶದವರಿಗೂ ಅದು ಮಾದರಿಯಾಗಲಿ ಎಂದು ಹಾರೈಸಿದರು. ಜಾತಿಯನ್ನು ಧರ್ಮದ ಕಟ್ಟಳೆಯೆಂದು ಒಪ್ಪದೆ, ಅದೂ ಒಂದು ಬಗೆಯ ಗುಲಾಮಗಿರಿ ಎಂದು ಹೆಸರಿಟ್ಟು ಕರೆದದ್ದು ಆ ಕಾಲಕ್ಕೆ ದೊಡ್ಡ ಸಂಗತಿ.

ಅದೇ ವರ್ಷ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ ಮದುವೆಗಳು ನಡೆದವು. ಸಮಾನತೆ ಎಂಬ ಮಾತು ಪುಸ್ತಕದಿಂದ ಮನೆಯಂಗಳಕ್ಕೆ ಬಂದದ್ದು ಹೀಗೆ.

ತೆರಿಗೆ ರೈತನದು, ಶಾಲೆ ಯಾರದು?

ಫುಲೆ ಅವರು ಗುತ್ತಿಗೆದಾರರೂ ಆಗಿದ್ದರು. 1876ರಿಂದ 1882ರವರೆಗೆ ಪುಣೆ ನಗರಸಭೆಯ ಸದಸ್ಯರಾಗಿದ್ದರು. ವೈಸ್‌ರಾಯ್ ಸ್ವಾಗತಕ್ಕೆ 1,000 ರೂಪಾಯಿ ಖರ್ಚು ಮಾಡುವ ಪ್ರಸ್ತಾಪ ಬಂದಾಗ, ಆ ಹಣ ಬಡವರ ಶಿಕ್ಷಣಕ್ಕೆ ಹೋಗಲಿ ಎಂದು ಒಬ್ಬರೇ ವಿರೋಧಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಲ್ಲಿಸಿದ ಹೇಳಿಕೆಯಲ್ಲಿ ಇದೇ ಲೆಕ್ಕವನ್ನು ದೊಡ್ಡದಾಗಿ ಇಟ್ಟರು. ಸರ್ಕಾರದ ಬೊಕ್ಕಸ ತುಂಬುತ್ತಿರುವುದು ರೈತರ ಬೆವರಿನಿಂದ. ಆ ಹಣ ಖರ್ಚಾಗುತ್ತಿರುವುದು ಮೇಲ್ವರ್ಗದ ಮಕ್ಕಳ ಉನ್ನತ ಶಿಕ್ಷಣಕ್ಕೆ. ಆದ್ದರಿಂದ ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು ಎಂಬುದು ಅವರ ಬೇಡಿಕೆ. ಅಂದು ಬೆಳಗಾವಿ, ಧಾರವಾಡ, ವಿಜಯಪುರವೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಫುಲೆ ಎತ್ತಿದ್ದು ನಮ್ಮ ಉತ್ತರ ಕರ್ನಾಟಕದ ರೈತನ ಪ್ರಶ್ನೆಯೂ ಆಗಿತ್ತು.

1888ರಲ್ಲಿ ರಾಣಿ ವಿಕ್ಟೋರಿಯಾಳ ಮಗ ಡ್ಯೂಕ್ ಆಫ್ ಕನಾಟ್ ಗೌರವಾರ್ಥ ಪುಣೆಯಲ್ಲಿ ಔತಣ ನಡೆಯಿತು. ಒಡವೆ ವಸ್ತ್ರಗಳಲ್ಲಿ ಮಿಂಚುತ್ತಿದ್ದ ಅತಿಥಿಗಳ ನಡುವೆ ಫುಲೆ ಬಡ ರೈತನ ವೇಷದಲ್ಲಿ ಹೋದರು. ಇಲ್ಲಿ ಕುಳಿತವರನ್ನು ನೋಡಿ ಇದೇ ಭಾರತವೆಂದು ತಿಳಿಯಬೇಡಿ, ಹಳ್ಳಿಗಳಿಗೆ ಹೋಗಿ ನೋಡಿ ಎಂದು ರಾಜಕುಮಾರನಿಗೇ ತಿಳಿಸಿದರು.

ಒಂದಾಗದ ಜನ ರಾಷ್ಟ್ರವಾಗುವುದು ಹೇಗೆ?

ಪುಣೆಯ ಸಾರ್ವಜನಿಕ ಸಭೆ, 1885ರಲ್ಲಿ ಹುಟ್ಟಿದ ಕಾಂಗ್ರೆಸ್ ಎರಡನ್ನೂ ಫುಲೆ ಸಂಶಯದಿಂದಲೇ ನೋಡಿದರು. ಒಟ್ಟಿಗೆ ಉಣ್ಣದ, ಕೊಡು-ಕೊಳ್ಳುವಿಕೆ ಇಲ್ಲದ, ಒಬ್ಬರ ನೆರಳು ಇನ್ನೊಬ್ಬರಿಗೆ ಮೈಲಿಗೆಯಾಗುವ ಜನ ಒಂದು ರಾಷ್ಟ್ರವಾಗಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. 1857ರ ದಂಗೆಯಲ್ಲೂ ಅವರಿಗೆ ಕಂಡದ್ದು ಪೇಶ್ವೆ ಆಡಳಿತ ಮರಳುವ ಅಪಾಯವೇ.

ಬ್ರಿಟಿಷರ ಮೇಲೆ ಅವರು ಹೆಚ್ಚು ನಂಬಿಕೆ ಇಟ್ಟರು ಎಂಬ ಟೀಕೆ ಇಂದಿಗೂ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದೇ ಬ್ರಿಟಿಷರ ಕಂದಾಯ, ಅರಣ್ಯ ಇಲಾಖೆಯ ಕಿರುಕುಳ, ಅಧಿಕಾರಿಗಳ ಬೇಜವಾಬ್ದಾರಿಯನ್ನು 1883ರಲ್ಲಿ ಬರೆದ 'ಶೇತಕಾರ್‍ಯಾಚಾ ಅಸೂಡ್' ಪುಸ್ತಕದಲ್ಲಿ ಕಟುವಾಗಿ ಬಯಲಿಗೆಳೆದವರೂ ಅವರೇ. ಯಾರು ಆಳುತ್ತಾರೆ ಎಂಬುದಕ್ಕಿಂತ ಆಳಿಸಿಕೊಳ್ಳುವವನಿಗೆ ಏನು ಹಕ್ಕಿದೆ ಎಂಬುದೇ ಅವರಿಗೆ ಮುಖ್ಯವಾಗಿತ್ತು.

1888ರ ಮೇ 11ರಂದು ಮುಂಬೈನ ಸಭೆಯಲ್ಲಿ ಜನ ಅವರಿಗೆ 'ಮಹಾತ್ಮ' ಬಿರುದು ಕೊಟ್ಟರು. ಅದೇ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಎಡಗೈಯಲ್ಲಿ ಬರೆಯುವುದನ್ನು ಕಲಿತು ಕೊನೆಯ ಕೃತಿ 'ಸಾರ್ವಜನಿಕ ಸತ್ಯಧರ್ಮ ಪುಸ್ತಕ' ಮುಗಿಸಿದರು. ಹೆಣ್ಣು-ಗಂಡು ಇಬ್ಬರೂ ಹುಟ್ಟಿನಿಂದ ಸ್ವತಂತ್ರರು, ಎಲ್ಲ ಹಕ್ಕುಗಳಿಗೂ ಅರ್ಹರು ಎಂದು ಅದರಲ್ಲಿ ಪ್ರತಿಪಾದಿಸಿದರು. ಫ್ರಾನ್ಸ್‌ನಲ್ಲಿ 1789ರಲ್ಲಿ ಹೊರಟ ಹಕ್ಕುಗಳ ಘೋಷಣೆ ಹೆಣ್ಣನ್ನು ಹೊರಗಿಟ್ಟಿತ್ತು. ಪುಣೆಯ ಫುಲೆ ಅವಳನ್ನು ಹೆಸರಿಸಿ ಒಳಗೆ ತಂದರು. 1890ರ ನವೆಂಬರ್ 28ರಂದು ಅವರು ತೀರಿಕೊಂಡಾಗ ಪುಸ್ತಕ ಇನ್ನೂ ಪ್ರಕಟವಾಗಿರಲಿಲ್ಲ.

ಸಂವಿಧಾನದಲ್ಲಿ ಉಳಿದ ಗುರುತು

ಬುದ್ಧ, ಕಬೀರರ ಜೊತೆ ಫುಲೆ ಅವರನ್ನೂ ತಮ್ಮ ಗುರುವೆಂದು ಡಾ. ಬಿ.ಆರ್. ಅಂಬೇಡ್ಕರ್ ಹೇಳಿಕೊಂಡರು. ಶೂದ್ರರ ಮೂಲ ಕುರಿತ 1946ರ ತಮ್ಮ ಗ್ರಂಥವನ್ನು ಫುಲೆ ಅವರಿಗೇ ಅರ್ಪಿಸಿದರು. ಬಾವಿ, ಕೆರೆಗಳನ್ನು ಬಳಸಲು ಯಾವ ನಾಗರಿಕನನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಫುಲೆ ತಮ್ಮ ಮನೆಯ ತೊಟ್ಟಿಯ ಬಳಿ 1868ರಲ್ಲೇ ಮಾಡಿದ್ದು ಅದನ್ನೇ.

ಹಂಟರ್ ಆಯೋಗದ ಮುಂದೆ ಅವರು ಕೇಳಿದ ಕಡ್ಡಾಯ ಶಿಕ್ಷಣ ಮಾತ್ರ ಬಹಳ ತಡವಾಯಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕಾಗಿ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅಷ್ಟರಲ್ಲಿ 128 ವರ್ಷಗಳು ಕಳೆದಿದ್ದವು.